ಮನೆಯ ತೋಟಕ್ಕೆ ಸುರಕ್ಷಿತ ವಿದ್ಯುತ್ ಸಂಪರ್ಕ: ನೆಲ ಅಗೆಯುವ ಮೊದಲೇ ಮುಗಿಸಬೇಕಾದ ಯೋಜನೆ

ಪ್ರತಿ ವರ್ಷ ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ಪುಣೆಯ ರೋ ಹೌಸುಗಳಿಂದಲೂ ಗೋವಾದ ಪರ್ವರಿ, ಮಡಗಾಂವ್ ಕಡೆಯ ಕನ್ನಡಿಗರ ಮನೆಗಳಿಂದಲೂ ಒಂದೇ ದೂರು ಕೇಳಿಬರುತ್ತದೆ: ತೋಟದ ದೀಪ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಕರೆಸಿದ ಎಲೆಕ್ಟ್ರಿಷಿಯನ್, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿಯನ್ನು ತಪ್ಪಿಸಿ ನೇರ ತಂತಿ ಕೊಡುತ್ತಾನೆ, ಇಲ್ಲವೇ ದೀಪದ ಕಂಬಕ್ಕೆ ಬಂದ ಅರ್ಥ್ ತಂತಿಯನ್ನು ಬಿಚ್ಚಿಡುತ್ತಾನೆ, ಸರಿಹೋಯಿತೆಂದು ಹೇಳಿ ಹಣ ಪಡೆದು ಹೊರಡುತ್ತಾನೆ. ಟ್ರಿಪ್ ಆಗುವುದು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಆ ಕಂಬವನ್ನು ಒದ್ದೆ ಕೈಯಿಂದ ಮುಟ್ಟುವವರು ಯಾರು ಎಂಬುದಷ್ಟೇ ಬಾಕಿ ಉಳಿಯುತ್ತದೆ.

ಈ ಕೆಲಸ ಮತ್ತೆ ಮತ್ತೆ ಕೆಡುವುದಕ್ಕೆ ಕಳಪೆ ಸಾಮಾನು ಅಷ್ಟಾಗಿ ಕಾರಣವಲ್ಲ. ಕೆಲಸದ ಕ್ರಮವೇ ತಲೆಕೆಳಗಾಗಿರುತ್ತದೆ. ಹೆಚ್ಚಿನವರು ಮೊದಲು ಅಂದದ ದೀಪಗಳನ್ನು ಕೊಳ್ಳುತ್ತಾರೆ, ಅನಂತರ ಜಗಲಿಯಲ್ಲೋ ವಾಷಿಂಗ್ ಮೆಷಿನ್ ಪಕ್ಕದಲ್ಲೋ ಇರುವ ಸಾಕೆಟ್ಟಿನಿಂದ ತಂತಿ ಎಳೆಯುತ್ತಾರೆ, ಅದನ್ನು ಒಂದು ಗೇಣು ಮಣ್ಣಿನಡಿ ಮುಚ್ಚುತ್ತಾರೆ, ರಕ್ಷಣೆಯ ವಿಚಾರವನ್ನು ಕೊನೆಗೆ ಉಳಿಸುತ್ತಾರೆ. ನಕ್ಷೆ, ಲೋಡು, ಸರ್ಕ್ಯೂಟು, ರಕ್ಷಣೆ, ಅರ್ಥಿಂಗ್, ಕೇಬಲ್, ದಾರಿ, ಬಾಕ್ಸು, ಎಲ್ಲಕ್ಕಿಂತ ಕೊನೆಗೆ ದೀಪ ಎಂಬುದು ಸರಿಯಾದ ಕ್ರಮ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ; ನಡುವಿನದನ್ನು ಬಿಟ್ಟು ಮುಂದಕ್ಕೆ ಹಾರಬಾರದು.

ಯೋಜನೆ ಮಾಡುವುದು ಮನೆಯವರ ಕೆಲಸ, ತಂತಿ ಜೋಡಿಸುವುದು ಅವರ ಕೆಲಸವಲ್ಲ. ಬಲ್ಬು, ಫ್ಯೂಸಿನಂಥ ಸಣ್ಣ ಬದಲಾವಣೆಗಳನ್ನು ಬಿಟ್ಟರೆ, ಹೊಸ ವೈರಿಂಗನ್ನು ರಾಜ್ಯ ಸರ್ಕಾರದ ಪರವಾನಗಿ ಇರುವ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಮೂಲಕವೇ ಮಾಡಿಸಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಆದರೆ ಏನು ಬೇಕೆಂದು ಸ್ಪಷ್ಟವಾಗಿ ಬರೆದುಕೊಟ್ಟ ಮನೆಯವರಿಗೆ ಸಿಗುವ ಕೆಲಸಕ್ಕೂ "ಎರಡು ದೀಪ ಹಾಕಿಕೊಡಿ" ಎಂದವರಿಗೆ ಸಿಗುವ ಕೆಲಸಕ್ಕೂ ಬಹಳ ಅಂತರವಿದೆ.

ಸಮಯ ಮತ್ತು ಸಲಕರಣೆ

ನಕ್ಷೆ ಮತ್ತು ಲೆಕ್ಕವನ್ನು ಫೆಬ್ರವರಿ, ಮಾರ್ಚಿನಲ್ಲಿ ಮುಗಿಸಿ, ಏಪ್ರಿಲ್‌ನಲ್ಲಿ ನೆಲ ಅಗೆಸಿ, ಮೇ ತಿಂಗಳಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಗೋವಾವನ್ನೂ, 10-11ನೇ ತಾರೀಕಿನ ಸುಮಾರಿಗೆ ಮುಂಬಯಿಯನ್ನೂ ಮುಟ್ಟುತ್ತದೆ. ತೆರೆದ ಕಾಲುವೆಯಲ್ಲಿ ನೀರು ತುಂಬಿದ ಮೇಲೆ ಯಾವ ಕೆಲಸವೂ ಶುದ್ಧವಾಗಿ ಆಗುವುದಿಲ್ಲ.

ಮನೆಯವರ ಬಳಿ ಉದ್ದದ ಅಳತೆ ಟೇಪು, ಚೌಕಳಿ ಕಾಗದ, ನೆಲದ ಮೇಲೆ ಗೆರೆ ಎಳೆಯಲು ಸುಣ್ಣದ ಪುಡಿ, ಇತ್ತೀಚಿನ ವಿದ್ಯುತ್ ಬಿಲ್ಲು, ಫೋಟೋ ತೆಗೆಯಲು ಮೊಬೈಲು ಇದ್ದರೆ ಸಾಕು. ಕಾಂಟ್ರ್ಯಾಕ್ಟರ್ ಬಳಿ ಮಲ್ಟಿಮೀಟರ್, 500 ವೋಲ್ಟಿನ ಮೆಗ್ಗರ್ (ತಂತಿಯ ಹೊದಿಕೆಯ ನಿರೋಧ ಅಳೆಯುವ ಉಪಕರಣ), ಅರ್ಥ್ ಟೆಸ್ಟರ್, ಲಗ್ ಒತ್ತುವ ಕ್ರಿಂಪಿಂಗ್ ಇಕ್ಕಳ ಇರಲೇಬೇಕು. ಕೆಲಸ ಒಪ್ಪಿಸುವ ಮೊದಲು "ಮೆಗ್ಗರ್ ಇದೆಯೇ?" ಎಂದು ನೇರವಾಗಿ ಕೇಳಿ. ಸ್ಕ್ರೂಡ್ರೈವರಿನಂಥ ಟೆಸ್ಟರ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಬರುವವರು ಒಳಮನೆಯ ಫ್ಯಾನು ಜೋಡಿಸಬಹುದು, ತೋಟದ ಕೆಲಸಕ್ಕೆ ಸಾಲರು. ಆ ಟೆಸ್ಟರ್ ಫೇಸ್ ಎಲ್ಲಿದೆ ಎಂದಷ್ಟೇ ತೋರಿಸುತ್ತದೆ. ಅರ್ಥ್ ಸರಿಯಿದೆಯೇ, ನಿರೋಧ ಉಳಿದಿದೆಯೇ ಎಂಬುದನ್ನು ಅದು ಹೇಳಲಾರದು.

ಹಂತ 1: ತೋಟದ ನಕ್ಷೆ

ಮೀಟರ್, ಮನೆಗೆಲ್ಲ ಕರೆಂಟು ಹಂಚುವ ಡಿಬಿ ಬೋರ್ಡು, ನೀರಿನ ಸಂಪು, ನಲ್ಲಿಗಳು, ತುಳಸಿ ಕಟ್ಟೆ, ಮರಗಳು, ಗೇಟು, ವಾಹನ ಹಾಯುವ ದಾರಿ ಇವನ್ನೆಲ್ಲ ಅಳತೆ ಸಮೇತ ಕಾಗದದ ಮೇಲೆ ಗುರುತಿಸಿ. ಅನಂತರ ಕಣ್ಣಿಗೆ ಕಾಣದ್ದನ್ನು ಸೇರಿಸಿ: ನೆಲದೊಳಗಿನ ನೀರಿನ ಕೊಳವೆ, ಒಳಚರಂಡಿ, ಮತ್ತು ಪುಣೆ, ಮುಂಬಯಿಗಳಲ್ಲಿ ಅನೇಕ ಮನೆಗಳಿಗೆ ಬಂದಿರುವ ಅಡುಗೆ ಅನಿಲದ ಕೊಳವೆ. ಅನಿಲದ ಕೊಳವೆ ಎಲ್ಲಿ ಹಾದಿದೆ ಎಂಬುದನ್ನು ಊಹಿಸಬೇಡಿ. ಪೂರೈಸುವ ಕಂಪನಿಯವರನ್ನೇ ಕೇಳಿ ಗುರುತು ಹಾಕಿಸಿಕೊಳ್ಳಿ.

ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಕ್ಕೆ ಬೇರೆ ಬಣ್ಣ ಬಳಿಯಿರಿ. ಕಾಂಪೌಂಡ್ ಗೋಡೆಯ ಮೇಲೆ ಹಳೆಯ ನೀರಿನ ಕಲೆ ಇದ್ದರೆ ಅದರ ಎತ್ತರವನ್ನೂ ಬರೆದಿಡಿ, ಹಂತ 8ರಲ್ಲಿ ಅದು ಬೇಕಾಗುತ್ತದೆ. ತೆಂಗಿನ ಮರದ ಬುಡದಲ್ಲಿ ದೀಪವನ್ನಾಗಲಿ ಬಾಕ್ಸನ್ನಾಗಲಿ ಇಡಬೇಡಿ. ಗೋವಾದ ಹಿತ್ತಿಲುಗಳಲ್ಲಿ ಒಣಗಿದ ಗರಿ, ಕಾಯಿ ಬಿದ್ದು ಒಡೆದ ದೀಪಗಳಿಂದ ಸೋರಿಕೆ ಶುರುವಾಗುವುದುಂಟು. ತಲೆಯ ಮೇಲೆ ಸರ್ವಿಸ್ ತಂತಿ ಹಾದಿದ್ದರೆ ಅದರ ಕೆಳಗೆ ದೀಪದ ಕಂಬ ಬೇಡ.

ಹಂತ 2: ಲೋಡಿನ ಪಟ್ಟಿ

ಈಗ ಬೇಕಾದ್ದನ್ನೂ ಮುಂದೆ ಬೇಕಾಗಬಹುದಾದ್ದನ್ನೂ ವ್ಯಾಟ್‌ಗಳಲ್ಲಿ ಬರೆಯಿರಿ. ಸಾಧಾರಣ ತೋಟವೊಂದರಲ್ಲಿ 7 ವ್ಯಾಟಿನ ಹನ್ನೆರಡು ಎಲ್‌ಇಡಿ ದೀಪಗಳು, 30 ವ್ಯಾಟಿನ ಎರಡು ಫ್ಲಡ್ ಲೈಟುಗಳು ಸೇರಿದರೂ 144 ವ್ಯಾಟ್, ಅಂದರೆ ಒಂದು ಆಂಪಿಯರಿಗಿಂತ ಕಡಿಮೆ. ಭಾರ ಇರುವುದು ಬೇರೆಡೆ. ಅರ್ಧ ಅಶ್ವಶಕ್ತಿಯ ಪಂಪು ಓಡುವಾಗ ಸುಮಾರು 4 ಆಂಪಿಯರ್ ಎಳೆದರೂ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಹುಲ್ಲು ಕತ್ತರಿಸುವ ಯಂತ್ರ 1400 ವ್ಯಾಟಿನದಾದರೆ ಅದಕ್ಕೇ 6 ಆಂಪಿಯರ್ ಬೇಕು.

ಪಟ್ಟಿಯಲ್ಲಿ ಸದಾ ಬಿಟ್ಟುಹೋಗುವುದು ಹಬ್ಬಗಳು. ಮಳೆ ಇನ್ನೂ ಬಿಡದಿರುವಾಗಲೇ ಬರುವ ಗಣೇಶ ಚತುರ್ಥಿಯ ಮಂಟಪ, ದೀಪಾವಳಿಯ ಆಕಾಶಬುಟ್ಟಿ, ತುಳಸಿ ಮದುವೆಯ ಸರಮಾಲೆ ಇವಕ್ಕೆಲ್ಲ ಕಿಟಕಿಯಿಂದ ಎಕ್ಸ್‌ಟೆನ್ಷನ್ ಎಳೆಯುವ ರೂಢಿ ಇದೆ. ಪೋರ್ಟಿಕೊದ ಹತ್ತಿರ ಒಂದು, ತುಳಸಿ ಕಟ್ಟೆಯ ಸಮೀಪ ಒಂದು ಹೊರಾಂಗಣ ಸಾಕೆಟ್ಟನ್ನು ಈಗಲೇ ಪಟ್ಟಿಗೆ ಸೇರಿಸಿದರೆ ಆ ಅಪಾಯಕಾರಿ ಎಳೆತ ತಪ್ಪುತ್ತದೆ. ಒಟ್ಟು ಲೋಡು ಬಿಲ್ಲಿನಲ್ಲಿ ನಮೂದಾದ ಮಂಜೂರಾದ ಲೋಡಿನೊಳಗೆ ಬರುತ್ತದೆಯೇ ನೋಡಿ. ಮೀರಿದರೆ ಮೊದಲು ಪೂರೈಕೆದಾರರಲ್ಲಿ ಅರ್ಜಿ ಕೊಡಿ.

ಹಂತ 3: ಸರ್ಕ್ಯೂಟುಗಳ ವಿಂಗಡಣೆ

ದೀಪಗಳಿಗೆ ಒಂದು, ಪಂಪಿಗೆ ಒಂದು, ಸಾಕೆಟ್ಟುಗಳಿಗೆ ಒಂದು, ಹೀಗೆ ಮೂರು ಸರ್ಕ್ಯೂಟುಗಳು ಡಿಬಿಯಿಂದಲೇ ಹೊರಡಲಿ. ಪ್ರತಿಯೊಂದಕ್ಕೂ ತನ್ನದೇ ಫೇಸ್ ಇರುವಂತೆ ತನ್ನದೇ ನ್ಯೂಟ್ರಲ್ ಇರಬೇಕು. ತಂತಿ ಉಳಿಸಲೆಂದು ಪಂಪಿನ ನ್ಯೂಟ್ರಲ್ಲನ್ನು ದೀಪದ ನ್ಯೂಟ್ರಲ್ಲಿಗೆ ಸೇರಿಸಿದರೆ, ಒಂದು ಆರ್‌ಸಿಸಿಬಿಯ ಮೂಲಕ ಹೋದ ಕರೆಂಟು ಇನ್ನೊಂದರ ಮೂಲಕ ಮರಳುತ್ತದೆ. ಸೋರಿಕೆಯೇ ಇಲ್ಲದಿದ್ದರೂ ಎರಡೂ ಟ್ರಿಪ್ ಆಗುತ್ತವೆ. "ಹೊಸ ಆರ್‌ಸಿಸಿಬಿ ಕೆಟ್ಟದ್ದು" ಎಂದು ಅಂಗಡಿಗೆ ವಾಪಸು ಹೋಗುವ ಸಾಧನಗಳಲ್ಲಿ ಅನೇಕವು ಈ ಎರವಲು ನ್ಯೂಟ್ರಲ್ಲಿನ ಬಲಿಗಳು.

ಮೂರಕ್ಕೂ ಸೇರಿ ಮನೆಯ ಒಳಗೆ, ಕೈಗೆಟುಕುವ ಎತ್ತರದಲ್ಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಐಸೊಲೇಟರ್ ಒಂದಿರಲಿ. ಗುಡುಗು ಮಿಂಚು ಶುರುವಾದಾಗ ಹೊರಗೆ ಓಡದೆ ತೋಟವನ್ನೆಲ್ಲ ಒಂದೇ ಕೈಯಲ್ಲಿ ಆರಿಸಬಹುದು.

ಇನ್ವರ್ಟರ್ ಇರುವ ಮನೆಯವರು ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ತೋಟದ ದೀಪಗಳನ್ನು ಇನ್ವರ್ಟರ್ ಲೈನಿಗೆ ಸೇರಿಸಿದ್ದರೆ, ಮೇನ್ ಆಫ್ ಮಾಡಿದ ಮೇಲೂ ಆ ತಂತಿಯಲ್ಲಿ 230 ವೋಲ್ಟ್ ಉಳಿದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ತೋಟವನ್ನು ಇನ್ವರ್ಟರಿಗೆ ಸೇರಿಸಲೇಬಾರದು. ಗೇಟಿನ ಒಂದು ದೀಪ ಬೇಕೇ ಬೇಕೆಂದರೆ ಅದಕ್ಕೆ ಬೇರೆಯೇ ತಂತಿ, ಬೇರೆಯೇ ಆರ್‌ಸಿಬಿಒ (ಹಂತ 4ರಲ್ಲಿ ಹೇಳಿದ ರಕ್ಷಣೆಯ ಸಾಧನ), ಮತ್ತು ಬೋರ್ಡಿನ ಮೇಲೆ "ಇನ್ವರ್ಟರ್" ಎಂದು ದಪ್ಪಕ್ಷರದ ಚೀಟಿ ಇರಲಿ.

ಹಂತ 4: ರಕ್ಷಣೆಯ ಸಾಧನಗಳು

ಎಂಸಿಬಿ ಮಿತಿಮೀರಿದ ಲೋಡಿನಿಂದಲೂ ಶಾರ್ಟ್ ಸರ್ಕ್ಯೂಟಿನಿಂದಲೂ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನ ಎದೆಯ ಮೂಲಕ ಹಾದು ಜೀವಕ್ಕೆ ಎರವಾಗಬಲ್ಲ ಕರೆಂಟು ಆಂಪಿಯರಿನ ಸಣ್ಣ ಭಾಗ ಮಾತ್ರ. ಅಷ್ಟಕ್ಕೆ 6 ಆಂಪಿಯರಿನ ಎಂಸಿಬಿಯೂ ಮಿಸುಕುವುದಿಲ್ಲ. ಆರ್‌ಸಿಸಿಬಿ ಮಾತ್ರ ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್ಲಿನಲ್ಲಿ ಮರಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಅಳೆದು, ಅದು 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಸಂಪರ್ಕ ಕಡಿಯುತ್ತದೆ. ತೋಟಕ್ಕೆ 30 ಮಿಲಿ ಆಂಪಿಯರಿನದೇ ಬೇಕು. 100 ಅಥವಾ 300ರದ್ದು ಬೆಂಕಿಯ ಭಯಕ್ಕೆ, ಮುಟ್ಟುವ ಕೈಗಳಿಗಲ್ಲ. ಆರ್‌ಸಿಸಿಬಿ ಓವರ್‌ಲೋಡನ್ನು ತಡೆಯಲಾರದಾದ್ದರಿಂದ ಎರಡೂ ಬೇಕು, ಅಥವಾ ಎರಡೂ ಒಂದರಲ್ಲೇ ಇರುವ ಆರ್‌ಸಿಬಿಒ ಬೇಕು. ಸರ್ಕ್ಯೂಟಿಗೊಂದು ಆರ್‌ಸಿಬಿಒ ಹಾಕಿಸುವುದು ದುಬಾರಿಯಾದರೂ ಮುಂದಿನ ತಲೆನೋವನ್ನು ತಪ್ಪಿಸುತ್ತದೆ. ಕೊಳ್ಳುವಾಗ ಐಎಸ್ 12640ರ ಗುರುತು ನೋಡಿ. ಎಲ್‌ಇಡಿ ಡ್ರೈವರುಗಳಂಥ ಎಲೆಕ್ಟ್ರಾನಿಕ್ ಲೋಡುಗಳಿರುವುದರಿಂದ ‘ಎಸಿ’ ಬದಲು ‘ಎ’ ಮಾದರಿಯದನ್ನು ಆರಿಸಿ.

ಈ ಇಡೀ ಯೋಜನೆಯಲ್ಲಿ ನಿರ್ಣಾಯಕವಾದದ್ದು ಈ ಸಾಧನಗಳ ಸ್ಥಾನ. ಮನೆಗೆಲ್ಲ ಒಂದೇ ಆರ್‌ಸಿಸಿಬಿ ಇದ್ದು ತೋಟವೂ ಅದರ ಹಿಂದೆಯೇ ಜೋಡಣೆಯಾಗಿದ್ದರೆ, ತೋಟದ ಒಂದು ದೀಪದೊಳಗೆ ನೀರು ಹೊಕ್ಕಾಗ ಫ್ರಿಜ್ಜು, ಫ್ಯಾನು, ವೈಫೈ ಎಲ್ಲವೂ ಒಟ್ಟಿಗೆ ಆರುತ್ತವೆ. ರಾತ್ರಿ ಹನ್ನೊಂದಕ್ಕೆ, ಮಳೆ ಸುರಿಯುವಾಗ, ಮನೆಯಲ್ಲಿ ವೃದ್ಧರಿದ್ದಾಗ, ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುವ ಆಸೆ ಹುಟ್ಟುವುದು ಇದೇ ಕಾರಣಕ್ಕೆ. ತೋಟದ ಆರ್‌ಸಿಬಿಒಗಳು ಮನೆಯ ಆರ್‌ಸಿಸಿಬಿಯ ಹಿಂದೆ ಬಾರದೆ ಅದರ ಪಕ್ಕದಲ್ಲಿ, ಮೇನ್ ಸ್ವಿಚ್ಚಿನಿಂದ ನೇರವಾಗಿ ಬರುವಂತೆ ಡಿಬಿಯನ್ನು ಜೋಡಿಸಲು ಹೇಳಿ. ಆಗ ತೋಟದ ದೋಷ ತೋಟವನ್ನಷ್ಟೇ ಆರಿಸುತ್ತದೆ. ದುರಸ್ತಿಗೆ ಬೆಳಗಿನವರೆಗೆ ಕಾಯಬಹುದು.

ಇನ್ನೊಂದು ಲೆಕ್ಕ. 30 ಮಿಲಿ ಆಂಪಿಯರಿನ ಸಾಧನ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಎಲ್‌ಇಡಿ ಡ್ರೈವರುಗಳು ಸುಸ್ಥಿತಿಯಲ್ಲಿದ್ದಾಗಲೂ ಸ್ವಲ್ಪ ಕರೆಂಟನ್ನು ಅರ್ಥಿಗೆ ಬಿಡುತ್ತವೆ. ಅವೆಲ್ಲದರ ಮೊತ್ತ 9 ಮಿಲಿ ಆಂಪಿಯರ್ ದಾಟದಂತೆ ನೋಡಿಕೊಳ್ಳಬೇಕು. ದೀಪಗಳು ಬಹಳ ಇದ್ದರೆ ಅವನ್ನು ಎರಡು ಆರ್‌ಸಿಬಿಒಗಳಿಗೆ ಹಂಚಬೇಕು. ಪಂಪಿಗೆ ಶುರುವಾಗುವ ಕ್ಷಣದ ಎಳೆತವನ್ನು ತಾಳುವ ‘ಸಿ’ ಮಾದರಿಯ ಬ್ರೇಕರ್, ದೀಪಗಳಿಗೆ ‘ಬಿ’ ಮಾದರಿಯದು ಸೂಕ್ತ.

ಹಂತ 5: ಅರ್ಥಿಂಗ್

"ನಮ್ಮ ಮನೆಯ ಅರ್ಥಿಂಗ್ ತುಂಬಾ ಚೆನ್ನಾಗಿದೆ, ಆರ್‌ಸಿಸಿಬಿ ಯಾಕೆ?" ಎಂದು ಕೇಳುವವರು ಈ ಲೆಕ್ಕವನ್ನು ನೋಡಬೇಕು. ಅರ್ಥ್ ಪಿಟ್ಟಿನ (ಅರ್ಥ್ ಸರಳು ಹೂತ ಗುಂಡಿಯ) ರೋಧ 5 ಓಮ್ ಇದೆ ಎಂದುಕೊಳ್ಳೋಣ. ಮನೆಗಳ ಮಟ್ಟಿಗೆ ಅದು ಒಳ್ಳೆಯ ಅಂಕಿಯೇ. ದೀಪದ ಲೋಹದ ಕಂಬಕ್ಕೆ ಫೇಸ್ ತಗುಲಿ, ಕರೆಂಟು ಮಣ್ಣಿನ ಮೂಲಕವೇ ಮರಳಬೇಕಾದಾಗ ಹೆಚ್ಚೆಂದರೆ 230 ಭಾಗಿಸು 5, ಅಂದರೆ 46 ಆಂಪಿಯರ್ ಹರಿಯಬಹುದು. 16 ಆಂಪಿಯರಿನ ‘ಬಿ’ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ 48ರಿಂದ 80 ಆಂಪಿಯರ್ ಬೇಕು. ಹಾಗಾಗಿ ಅದು ಬಿಸಿಯಾಗಿ ಬೀಳುವವರೆಗೆ ಕಂಬ ಜೀವಂತವಾಗಿಯೇ ನಿಂತಿರುತ್ತದೆ. ಅರ್ಥಿಂಗ್ ಸೋರಿಕೆಗೆ ದಾರಿ ಮಾಡಿಕೊಡುತ್ತದೆ, ಆರ್‌ಸಿಬಿಒ ಆ ಸೋರಿಕೆಯನ್ನು ಕಂಡು ಕಡಿಯುತ್ತದೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಅರ್ಧ ರಕ್ಷಣೆ.

ಅರ್ಥ್ ಎಲೆಕ್ಟ್ರೋಡನ್ನು ಕಟ್ಟಡದ ತಳಪಾಯದಿಂದ ಕನಿಷ್ಠ 1.5 ಮೀಟರ್ ದೂರ ಇರಿಸಬೇಕು. ಅದರ ತಲೆಗೆ ಮುಚ್ಚಳವಿರುವ ಸಣ್ಣ ಇಟ್ಟಿಗೆಯ ಚೌಕ ಕಟ್ಟಿಸಿ, ಮುಚ್ಚಳ ತೆಗೆದರೆ ನಟ್ಟು, ಪಟ್ಟಿ ಕಾಣುವಂತಿರಲಿ. ಉಪ್ಪು, ಇದ್ದಿಲು ತುಂಬಿದ ಹಳೆಯ ಬಗೆಯ ಪಿಟ್ಟು ಆರಂಭದಲ್ಲಿ ಒಳ್ಳೆಯ ಅಂಕಿ ತೋರಿಸಿದರೂ ಉಪ್ಪು ಕೊಳವೆಯನ್ನು ತಿನ್ನುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ತಾಮ್ರ ಲೇಪದ ಸರಳು ಮತ್ತು ಬೆಂಟೊನೈಟ್ ತುಂಬಣೆ ಹೆಚ್ಚು ಕಾಲ ಬಾಳುತ್ತದೆ.

ಮಣ್ಣು ಊರಿಂದೂರಿಗೆ ಬದಲಾಗುತ್ತದೆ. ಪುಣೆಯ ಎರೆಮಣ್ಣು ತೇವವಿದ್ದಾಗ ಒಳ್ಳೆಯ ವಾಹಕ, ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸರಳಿನಿಂದ ದೂರ ಸರಿಯುತ್ತದೆ. ಅದರ ಕೆಳಗೆ ಮುರುಮು, ಕರಿಕಲ್ಲು ಬೇಗ ಎದುರಾಗುತ್ತವೆ. ಗೋವಾದ ಜಂಬಿಟ್ಟಿಗೆ ನೆಲದಲ್ಲಿ ಒಂದು ಸರಳು ಸಾಲದೆ ಎರಡು ಮೂರನ್ನು ದೂರದೂರ ಹೂಳಿ ಜೋಡಿಸಬೇಕಾಗಬಹುದು. ಅಳತೆಯನ್ನು ಮೇ ತಿಂಗಳ ಒಣ ನೆಲದಲ್ಲೇ ತೆಗೆಸಿ. ಜುಲೈಯಲ್ಲಿ ಅಳೆದ ಅಂಕಿ ಸಮಾಧಾನ ಕೊಡುತ್ತದೆ, ಅಷ್ಟೇ.

ಹಂತ 6: ಕೇಬಲ್ಲಿನ ಆಯ್ಕೆ

ಮನೆಯೊಳಗಿನ ಎಫ್‌ಆರ್ (ಬೆಂಕಿ ಸುಲಭವಾಗಿ ಹರಡದ) ವೈರು ನೇರವಾಗಿ ಮಣ್ಣಿಗೆ ಹೋಗಬಾರದು. ಅದಕ್ಕಿರುವುದು ಒಂದೇ ಪದರದ ಹೊದಿಕೆ. ಹೂಳುವುದಕ್ಕೆ ಉಕ್ಕಿನ ತಂತಿಯ ಕವಚವಿರುವ ಮೂರು ಕೋರಿನ ತಾಮ್ರದ ಆರ್ಮರ್ಡ್ ಕೇಬಲ್ ಬೇಕು. ಸಲಿಕೆಯ ಏಟನ್ನೂ ಹೆಗ್ಗಣದ ಹಲ್ಲನ್ನೂ ಅದು ತಡೆಯುತ್ತದೆ. ಕವಚವನ್ನು ಡಿಬಿಯ ತುದಿಯಲ್ಲೂ ಬಾಕ್ಸಿನ ತುದಿಯಲ್ಲೂ ಲೋಹದ ಗ್ಲ್ಯಾಂಡಿನ (ಕೇಬಲ್ಲನ್ನು ಬಾಕ್ಸಿನ ತೂತಿನಲ್ಲಿ ಬಿಗಿಯಾಗಿ ಹಿಡಿಯುವ ಭಾಗದ) ಮೂಲಕ ಅರ್ಥಿಗೆ ಸೇರಿಸಬೇಕು. ಈ ಕೇಬಲ್ಲಿನ ಮೂರು ಕೋರುಗಳು ಸಾಮಾನ್ಯವಾಗಿ ಕೆಂಪು, ಹಳದಿ, ನೀಲಿ ಬಣ್ಣದಲ್ಲಿರುತ್ತವೆ. ನ್ಯೂಟ್ರಲ್ ಆಗುವ ಕೋರಿಗೆ ಕಪ್ಪು, ಅರ್ಥ್ ಆಗುವ ಕೋರಿಗೆ ಹಸಿರು ಸ್ಲೀವನ್ನು ಎರಡೂ ತುದಿಗಳಲ್ಲಿ ತೊಡಿಸದಿದ್ದರೆ, ಮುಂದೆಂದೋ ಬರುವ ಎಲೆಕ್ಟ್ರಿಷಿಯನ್ ಹಳದಿಯನ್ನು ಫೇಸ್ ಎಂದೇ ತಿಳಿದು ಜೋಡಿಸುತ್ತಾನೆ.

ದಪ್ಪವನ್ನು ಉದ್ದ ನೋಡಿ ನಿರ್ಧರಿಸಿ. 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ಲಿನಲ್ಲಿ ಪ್ರತಿ ಆಂಪಿಯರಿಗೆ, ಪ್ರತಿ ಮೀಟರಿಗೆ ಸುಮಾರು 18 ಮಿಲಿ ವೋಲ್ಟ್ ಇಳಿಯುತ್ತದೆ. 40 ಮೀಟರ್ ದೂರದಲ್ಲಿ 6 ಆಂಪಿಯರಿನ ಯಂತ್ರ ಓಡಿದರೆ 18 × 40 × 6, ಅಂದರೆ ಸುಮಾರು 4.3 ವೋಲ್ಟ್ ನಷ್ಟ. 230ರಲ್ಲಿ ಅದು ಶೇಕಡ ಎರಡರ ಒಳಗೇ ಇದೆ, ಚಿಂತೆಯಿಲ್ಲ. ಸಾಧಾರಣ ತೋಟಕ್ಕೆ 2.5ರ ಕೇಬಲ್ ಸಾಕು.

12 ವೋಲ್ಟಿನ ದೀಪಗಳ ಕಥೆಯೇ ಬೇರೆ. 60 ವ್ಯಾಟಿನ ದೀಪಮಾಲೆಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. 1.5 ಚದರ ಮಿಲಿಮೀಟರ್ ತಂತಿಯಲ್ಲಿ 20 ಮೀಟರ್ ಒಯ್ದರೆ ಸುಮಾರು 2.9 ವೋಲ್ಟ್ ಇಳಿದು, ಕೊನೆಯ ದೀಪಕ್ಕೆ 9 ವೋಲ್ಟಷ್ಟೇ ಉಳಿಯುತ್ತದೆ. "ಕೊನೆಯ ದೀಪಗಳು ಮಂಕಾಗಿವೆ, ದೀಪ ಬದಲಿಸಿದರೂ ಅಷ್ಟೇ" ಎಂಬ ದೂರಿನ ಮೂಲ ಇದು. ಅದೇ 60 ವ್ಯಾಟನ್ನು 24 ವೋಲ್ಟಿನಲ್ಲಿ, 2.5ರ ತಂತಿಯಲ್ಲಿ ಒಯ್ದರೆ ನಷ್ಟ 0.9 ವೋಲ್ಟಿಗೆ ಇಳಿಯುತ್ತದೆ.

ಹಂತ 7: ದಾರಿ ಮತ್ತು ಕಾಲುವೆ

ಸುಣ್ಣದ ಪುಡಿಯಿಂದ ನೆಲದ ಮೇಲೆ ದಾರಿ ಎಳೆಯಿರಿ. ದಾರಿ ಗೋಡೆಗೆ, ಕಾಲುದಾರಿಗೆ ಸಮಾನಾಂತರವಾಗಿ ನೇರವಾಗಿರಲಿ. ಹತ್ತಿರವಾಗುತ್ತದೆಂದು ಹೂವಿನ ಮಡಿಯ ನಡುವೆ ಓರೆಯಾಗಿ ಹೋದ ಕೇಬಲ್ಲನ್ನು ಮುಂದಿನ ವರ್ಷ ಮಾಲಿಯ ಗುದ್ದಲಿ ಹುಡುಕಿ ತೆಗೆಯುತ್ತದೆ. ಕಾಲುವೆಯ ಆಳ 750 ಮಿಲಿಮೀಟರ್, ಅಂದರೆ ಸುಮಾರು ಎರಡೂವರೆ ಅಡಿ. ತಳದಲ್ಲಿ 75 ಮಿಲಿಮೀಟರ್ ಮರಳು ಹಾಸಿ, ಕೇಬಲ್ಲನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲವಾಗಿ ಮಲಗಿಸಿ, ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆಯ ಸಾಲು, ಅರ್ಧ ಮಣ್ಣು ತುಂಬಿದ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ. ನೀರಿನ ಕೊಳವೆಯಿಂದ 300 ಮಿಲಿಮೀಟರ್ ಅಂತರ ಕಾಯ್ದುಕೊಳ್ಳಿ. ತಿರುವಿನಲ್ಲಿ ಕೇಬಲ್ಲಿನ ವ್ಯಾಸದ ಹನ್ನೆರಡು ಪಟ್ಟಿಗಿಂತ ಚಿಕ್ಕದಾಗಿ ಬಗ್ಗಿಸಬಾರದು. ಕಾರು ಹಾಯುವ ಕಡೆ ಗಟ್ಟಿಯಾದ ಕೊಳವೆಯೊಳಗೆ ದಾಟಿಸಿ, ಪಕ್ಕದಲ್ಲಿ ಒಂದು ಖಾಲಿ ಕೊಳವೆಯನ್ನೂ ಹೂತಿಡಿ. ಮುಂದೆ ಕಾಂಕ್ರೀಟು ಒಡೆಯುವುದು ತಪ್ಪುತ್ತದೆ.

ಬಂಡೆ, ಜಂಬಿಟ್ಟಿಗೆ ಅಡ್ಡ ಬಂದು ಆಳ ಸಿಗದ ಕಡೆ ಅರ್ಧ ಅಡಿಯಲ್ಲಿ ಹೂತು ಕಣ್ಣು ಮುಚ್ಚಿಕೊಳ್ಳಬೇಡಿ. ಅಲ್ಲಿ ಕೇಬಲ್ಲನ್ನು ಮೇಲಕ್ಕೆ ತಂದು ಕಾಂಪೌಂಡ್ ಗೋಡೆಗೆ ಕ್ಲಾಂಪ್ ಮಾಡಿ ಒಯ್ಯುವುದೇ ಲೇಸು. ಕಾಣುವ ಕೇಬಲ್ಲಿಗೆ ಯಾರೂ ಗುದ್ದಲಿ ಹಾಕುವುದಿಲ್ಲ.

ಮುಂಬಯಿ, ಡೊಂಬಿವಲಿ, ಠಾಣೆಗಳ ಟೆರೇಸ್ ತೋಟಗಳಲ್ಲಿ ಅಗೆಯುವ ಪ್ರಶ್ನೆಯಿಲ್ಲ. ಅಲ್ಲಿ ಸೊಸೈಟಿಯ ಲಿಖಿತ ಒಪ್ಪಿಗೆ ಮೊದಲು, ಕೆಲಸ ಅನಂತರ. ಕೊಳವೆಯನ್ನು ಪ್ಯಾರಾಪೆಟ್ಟಿನ ಒಳಬದಿಗೆ ಕೂರಿಸಿ, ನೆಲಕ್ಕೆ ಮೊಳೆ ಹೊಡೆದು ವಾಟರ್‌ಪ್ರೂಫಿಂಗ್ ಕೆಡಿಸಬೇಡಿ. ಕೆಳಗಿನ ಮನೆಯವರ ಛಾವಣಿ ಸೋರಿದರೆ ದೀಪಗಳ ಆಯುಷ್ಯ ಅಂದಿಗೇ ಮುಗಿಯುತ್ತದೆ. ಬಿಸಿಲಿಗೆ ಮಾಮೂಲಿ ಬಿಳಿ ಪಿವಿಸಿ ಕೊಳವೆ ಸುಲಭವಾಗಿ ಪುಡಿಯಾಗುತ್ತದಾದ್ದರಿಂದ ಬಿಸಿಲು ತಾಳುವ ದರ್ಜೆಯದನ್ನೇ ಕೇಳಿ ಪಡೆಯಿರಿ.

ಮಣ್ಣು ಮುಚ್ಚುವ ಮೊದಲು ಕಾಲುವೆಯಲ್ಲಿ ಅಳತೆ ಟೇಪನ್ನು ಹಾಸಿ ಪ್ರತಿ ತಿರುವಿನ ಫೋಟೋ ತೆಗೆಯಿರಿ, ಗೋಡೆಯಿಂದ ಎಷ್ಟು ದೂರ ಎಂಬುದು ಓದಲು ಬರುವಂತಿರಲಿ. ಹಂತ 10ರ ಮೊದಲ ಮೆಗ್ಗರ್ ಪರೀಕ್ಷೆಯನ್ನೂ ಈ ಹೊತ್ತಿನಲ್ಲೇ ಮಾಡಿಸಬೇಕು.

ಹಂತ 8: ಬಾಕ್ಸು, ಜೋಡಣೆ, ಸಾಕೆಟ್ಟು

ಮಣ್ಣಿನಡಿ ಜೋಡಣೆಯೇ ಇರಬಾರದು. ಟೇಪು ಸುತ್ತಿ ಹೂತ ಜೋಡಣೆ ಎಷ್ಟೇ ಬಿಗಿಯಾಗಿದ್ದರೂ ಒಂದೆರಡು ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಒಂದು ದೀಪದಿಂದ ಇನ್ನೊಂದಕ್ಕೆ ಹೋಗುವ ಕೇಬಲ್ ಪ್ರತಿ ಕಂಬದ ಬಾಕ್ಸಿನವರೆಗೆ ಮೇಲೆ ಬಂದು, ಅಲ್ಲಿನ ಟರ್ಮಿನಲ್ಲಿನಲ್ಲಿ ಸೇರಿ, ಮತ್ತೆ ಕೆಳಗೆ ಇಳಿಯಲಿ.

ಧೂಳು, ನೀರು ಒಳಹೋಗದಂತೆ ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿಗಳನ್ನು ಓದಲು ಕಲಿಯಿರಿ. ಐಪಿ44 ಎಂದರೆ ಚಿಮ್ಮುವ ನೀರಿಗೆ ಮಾತ್ರ, ಸೂರಿನಡಿಯ ಜಗಲಿಗೆ ಸಾಕು. ತೆರೆದ ತೋಟಕ್ಕೆ ಐಪಿ65 ಅಥವಾ 66, ನೆಲದೊಳಗೆ ಕೂರುವ ದೀಪಕ್ಕೆ ಐಪಿ67, ನೀರಿನೊಳಗೆ ಸದಾ ಇರುವುದಕ್ಕೆ ಐಪಿ68. ದೊಡ್ಡ ಅಂಕಿ ಎಲ್ಲೆಡೆಗೂ ಒಳ್ಳೆಯದೆಂಬುದು ತಪ್ಪು: ಐಪಿ67 ಮುಳುಗಿಸಿ ಪರೀಕ್ಷಿಸಿದ್ದು, ರಭಸದ ನೀರಿನ ಧಾರೆಗೆ ಪರೀಕ್ಷಿಸಿದ್ದಲ್ಲ. ಪೆಟ್ಟಿಗೆಯ ಮೇಲಿನ ಅಂಕಿ ಉಳಿಯುವುದೂ ಸರಿಯಾದ ಅಳತೆಯ ಗ್ಲ್ಯಾಂಡ್ ಹಾಕಿದರೆ ಮಾತ್ರ. ತೂತು ಕೊರೆದು, ತಂತಿ ತೂರಿಸಿ, ಎಂ-ಸೀಲ್ ಮೆತ್ತಿದ ಐಪಿ66 ಬಾಕ್ಸು ಬರೀ ಡಬ್ಬ.

ಕೇಬಲ್ ಬಾಕ್ಸಿಗೆ ಕೆಳಗಿನಿಂದಲೇ ಬರಬೇಕು. ಪಕ್ಕದಿಂದ ಬರಲೇಬೇಕಾದರೆ ಒಳಹೋಗುವ ಮೊದಲು ಕೆಳಕ್ಕೊಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬಳಸದ ತೂತುಗಳನ್ನು ಪ್ಲಗ್ ಹಾಕಿ ಮುಚ್ಚಿ, ಇಲ್ಲವಾದರೆ ಇರುವೆ ಮತ್ತು ಹಲ್ಲಿ ಮನೆ ಮಾಡುತ್ತವೆ. ಟರ್ಮಿನಲ್ಲಿನ ನಡುವೆ ಸುಟ್ಟು ಅಂಟಿದ ಹಲ್ಲಿಯನ್ನು ಕಂಡವರು ಈ ಮಾತನ್ನು ಮರೆಯುವುದಿಲ್ಲ. ಸಮುದ್ರದ ಗಾಳಿ ಬೀಸುವ ಗೋವಾ, ಮುಂಬಯಿಗಳಲ್ಲಿ ಬಣ್ಣ ಬಳಿದ ಕಬ್ಬಿಣದ ಬಾಕ್ಸು ಬೇಡ. ಪಾಲಿಕಾರ್ಬೊನೇಟ್ ಬಾಕ್ಸು, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗಳು ಬಾಳಿಕೆ ಬರುತ್ತವೆ. ಸಾಕೆಟ್ಟುಗಳನ್ನು ನೆಲದಿಂದ ಕನಿಷ್ಠ ಅರ್ಧ ಮೀಟರ್ ಮೇಲೆ, ನೀರು ನಿಲ್ಲುವ ಕಡೆ ನಕ್ಷೆಯಲ್ಲಿ ಬರೆದ ಕಲೆಯ ಎತ್ತರಕ್ಕಿಂತ ಮೇಲೆ ಕೂರಿಸಿ. ಪ್ಲಗ್ ಚುಚ್ಚಿದ ಮೇಲೂ ಮುಚ್ಚಿಕೊಳ್ಳುವ ಮುಚ್ಚಳವಿರಲಿ. ಮಂಟಪದ ದೀಪ ಉರಿಯುವಾಗಲೇ ತಾನೇ ಮಳೆ ಬರುವುದು.

ಹಂತ 9: ನೀರಿನ ಸಮೀಪ

ಕಾರಂಜಿ, ತಾವರೆ ಕೊಳ ಇವುಗಳೊಳಗೆ 230 ವೋಲ್ಟ್ ಇಳಿಯಲೇಬಾರದು. 12 ವೋಲ್ಟಿನ ದೀಪ, 12 ವೋಲ್ಟಿನ ಪಂಪು ಮಾತ್ರ ಬಳಸಿ. ಅದರ ಟ್ರಾನ್ಸ್‌ಫಾರ್ಮರ್ ಸುರಕ್ಷಿತ ಐಸೊಲೇಷನ್ ಇರುವಂಥದ್ದಾಗಿದ್ದು ನೀರಿನಿಂದ ದೂರ, ಒಣ ಜಾಗದಲ್ಲಿರಲಿ. ಈಜುಕೊಳವಿದ್ದರೆ ಅಂಚಿನಿಂದ ಮೂರೂವರೆ ಮೀಟರಿನ ಒಳಗೆ ಸಾಕೆಟ್ ಬೇಡ.

ಸಂಪಿನಲ್ಲಿ ಮುಳುಗಿರುವ ಪಂಪು ಮಾತ್ರ 230 ವೋಲ್ಟಿನದೇ ಆಗಿರುತ್ತದೆ. ಅದಕ್ಕೆ ಪ್ರತ್ಯೇಕ ಆರ್‌ಸಿಬಿಒ ಕಡ್ಡಾಯ. ಸಂಪು ತೊಳೆಯಲು ಯಾರಾದರೂ ಇಳಿಯುವ ಮೊದಲು ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಹೊರಗಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಮೇಲಿರುವ ಮಗುವೋ ಕೆಲಸದವರೋ ನೀರಿಗೆಂದು ಮತ್ತೆ ಒತ್ತಿಬಿಡಬಹುದು.

ಹಂತ 10: ಪರೀಕ್ಷೆ

ಮೊದಲ ಪರೀಕ್ಷೆ ಕಾಲುವೆ ಮುಚ್ಚುವ ಮೊದಲು. ದೀಪ, ಡ್ರೈವರ್, ಸರ್ಜ್ ರಕ್ಷಕ ಎಲ್ಲವನ್ನೂ ಬಿಚ್ಚಿಟ್ಟು, ಫೇಸ್ ಮತ್ತು ನ್ಯೂಟ್ರಲ್ಲನ್ನು ಒಟ್ಟಿಗೆ ಹಿಡಿದು, ಅವಕ್ಕೂ ಅರ್ಥಿಗೂ ನಡುವೆ 500 ವೋಲ್ಟಿನ ಮೆಗ್ಗರ್ ಹಾಕಬೇಕು. 1 ಮೆಗಾ ಓಮಿಗಿಂತ ಕಡಿಮೆ ಬಂದರೆ ಕೆಲಸವನ್ನು ಒಪ್ಪಬೇಡಿ. ಹೊಸ ಕೇಬಲ್ಲಾದರೆ ಇದರ ಎಷ್ಟೋ ಪಟ್ಟು ಬರಬೇಕು. ಡ್ರೈವರ್ ಬಿಚ್ಚದೆ 500 ವೋಲ್ಟ್ ಹಾಯಿಸಿದರೆ ಹೊಸ ದೀಪಗಳು ಅಲ್ಲೇ ಸುಟ್ಟುಹೋಗಬಹುದು.

ಎರಡನೆಯದಾಗಿ ಡಿಬಿಯ ಅರ್ಥ್ ಬಾರಿನಿಂದ ತುತ್ತತುದಿಯ ಕಂಬದವರೆಗೆ ಅರ್ಥ್ ತಂತಿ ತುಂಡಾಗದೆ ತಲುಪಿದೆಯೇ, ಸ್ವಿಚ್ಚುಗಳು ಫೇಸನ್ನೇ ಕಡಿಯುತ್ತವೆಯೇ ಎಂದು ನೋಡಿಸಿ. ಮೂರನೆಯದು ಆರ್‌ಸಿಬಿಒ. ಅದರ ‘ಟಿ’ ಗುಂಡಿ ಒತ್ತಿದಾಗ ಬಿದ್ದರೆ ಸಾಧನ ಜೀವಂತವಾಗಿದೆ ಎಂದಷ್ಟೇ ಅರ್ಥ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಆ ಗುಂಡಿ ಕೆಲಸ ಮಾಡುತ್ತದೆ. ಆದ್ದರಿಂದ ಪರೀಕ್ಷಾ ಉಪಕರಣದಿಂದ 30 ಮಿಲಿ ಆಂಪಿಯರ್ ಸೋರಿಕೆಯನ್ನು ಹುಟ್ಟಿಸಿ, 300 ಮಿಲಿ ಸೆಕೆಂಡಿನೊಳಗೆ ಬೀಳುತ್ತದೆಯೇ ಎಂದು ಅಳೆಸಿ.

ಇಷ್ಟಾದ ಮೇಲೆ ಮಳೆಯನ್ನು ನಾವೇ ಬರಿಸಬೇಕು. ಮೇನ್ ಆಫ್ ಮಾಡಿ, ರಬ್ಬರ್ ಪೈಪಿನಿಂದ ದೀಪ, ಬಾಕ್ಸುಗಳ ಮೇಲೆ ಒಂದು ಗಂಟೆ ಮಳೆಯಂತೆ ನೀರು ಬಿಟ್ಟು, ಮತ್ತೆ ಮೆಗ್ಗರ್ ಹಾಕಿಸಿ. ಒಣಗಿದ್ದಾಗಿನ ಅಂಕಿಗೂ ಇದಕ್ಕೂ ಭಾರಿ ಅಂತರವಿದ್ದರೆ ಬಾಕ್ಸುಗಳನ್ನು ಒಂದೊಂದಾಗಿ ತೆರೆಸಿ ನೋಡಿ. ಕಾಂಟ್ರ್ಯಾಕ್ಟರ್ ಗೊಣಗಬಹುದು, ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆ ಮುಗಿಯುವವರೆಗೆ ಕೊಡದಿರುವುದೇ ಅದಕ್ಕೆ ಮದ್ದು. ಎಲ್ಲ ಅಂಕಿಗಳನ್ನೂ ತಾರೀಕಿನೊಂದಿಗೆ ನಕ್ಷೆಯ ಹಿಂಬದಿಯಲ್ಲಿ ಬರೆಸಿಕೊಂಡು, ಒಂದು ಪ್ರತಿಯನ್ನು ಡಿಬಿಯ ಬಾಗಿಲಿನೊಳಗೆ ಅಂಟಿಸಿ.

ಎಚ್ಚರಿಕೆಯ ಲಕ್ಷಣಗಳು

ನಲ್ಲಿಯನ್ನೋ ಗೇಟನ್ನೋ ಮುಟ್ಟಿದಾಗ ಬೆರಳು ಜುಮ್ಮೆಂದರೆ ಅದನ್ನು "ಸ್ವಲ್ಪ ಅರ್ಥಿಂಗ್ ಪ್ರಾಬ್ಲಮ್" ಎಂದು ತಳ್ಳಿಹಾಕಬೇಡಿ. ಆ ಕ್ಷಣವೇ ತೋಟದ ಐಸೊಲೇಟರ್ ಆಫ್ ಮಾಡಿ, ಪರೀಕ್ಷೆಯಾಗುವವರೆಗೆ ಹಾಕಬೇಡಿ. ದೀಪದ ಗಾಜಿನೊಳಗೆ ಹನಿ ಕಟ್ಟುವುದು, ಪಂಪು ಶುರುವಾದಾಗ ದೀಪಗಳು ತುಂಬಾ ಮಂಕಾಗುವುದು, ಸ್ವಿಚ್ ಬೋರ್ಡು ಬಿಸಿಯಾಗುವುದು, ಮೀನು ಸುಟ್ಟಂಥ ವಾಸನೆ ಇವು ಮುಂದಿನ ಅನಾಹುತದ ಸೂಚನೆಗಳು.

ಮಳೆಯಲ್ಲಿ ಬಿದ್ದು, ಒಣಗಿದಾಗ ನಿಲ್ಲುವ ಆರ್‌ಸಿಬಿಒ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಆ ಸರ್ಕ್ಯೂಟಿನ ದೀಪಗಳನ್ನೆಲ್ಲ ಎಲೆಕ್ಟ್ರಿಷಿಯನ್ನರಿಂದ ಬಿಚ್ಚಿಸಿ, ಒಂದೊಂದನ್ನೇ ಸೇರಿಸುತ್ತ ಬಂದರೆ ಎಲ್ಲಿ ಬೀಳುತ್ತದೆಯೋ ಅಲ್ಲಿ ದೋಷ. ಬಿಚ್ಚುವಾಗ ಫೇಸಿನೊಂದಿಗೆ ನ್ಯೂಟ್ರಲ್ಲನ್ನೂ ಬಿಚ್ಚಿಸಬೇಕು. ನ್ಯೂಟ್ರಲ್ ಅರ್ಥಿಗೆ ತಗುಲಿದರೂ ಸಾಧನ ಬೀಳುತ್ತದೆ, ಹುಡುಕುವವರು ಅದನ್ನೇ ಮರೆಯುತ್ತಾರೆ. ‘ಟಿ’ ಗುಂಡಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒತ್ತಿ ನೋಡಿ, ಅರ್ಥ್ ಪಿಟ್ಟಿನ ನಟ್ಟು, ಪಟ್ಟಿಗಳನ್ನು ಪ್ರತಿ ಮೇ ತಿಂಗಳಲ್ಲಿ ತೆರೆದು ನೋಡಿಸಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಮುಟ್ಟಬೇಡಿ. ಮೊದಲು ಮನೆಯೊಳಗಿನ ಐಸೊಲೇಟರ್ ಆಫ್ ಮಾಡಿ, ಅದು ಸಿಗದಿದ್ದರೆ ಮೇನ್ ಆಫ್ ಮಾಡಿ. ಎರಡೂ ಆಗದಿದ್ದಾಗ ಮಾತ್ರ ಒಣ ನೆಲದ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಿ. ಉಸಿರಾಟ ನಿಂತಿದ್ದರೆ ಎದೆ ಒತ್ತುವ ಕ್ರಿಯೆಯನ್ನು ಆರಂಭಿಸಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ. ಮಹಾರಾಷ್ಟ್ರ, ಗೋವಾ ಎರಡರಲ್ಲೂ ಆಂಬ್ಯುಲೆನ್ಸಿಗೆ ಅದೇ ಸಂಖ್ಯೆ. ಎದ್ದು ಕುಳಿತು "ಏನೂ ಆಗಿಲ್ಲ" ಎಂದವರನ್ನೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ. ಆ ಸರ್ಕ್ಯೂಟನ್ನು ಹಂತ 10ರ ಪರೀಕ್ಷೆಗಳೆಲ್ಲ ಮತ್ತೆ ಆಗುವವರೆಗೆ ಯಾರೂ ಹಾಕದಂತೆ ಐಸೊಲೇಟರಿನ ಮೇಲೆ ಚೀಟಿ ಅಂಟಿಸಿ.